ಗಡಿ ದಾಟಿದ ಕರಿ ಉಣ್ಣೆ

ರಾಮದುರ್ಗದಿಂದ ಸವದತ್ತಿಗೆ ಹೋಗುವ ರಸ್ತೆಯ ಮಗ್ಗುಲಿನ ಹಳ್ಳಿಗೆ ಮಾಯವ್ವ ಸೊಸೆಯಾಗಿ ಬಂದಾಗ, ಗಂಡನ ಮನೆಯ ಪಡಸಾಲೆಯಲ್ಲಿ ಮಗ್ಗ ಇತ್ತು. ಮಾವ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕಂಬಳಿ ನೇಯುತ್ತಿದ್ದ. ಅತ್ತೆ ಉಣ್ಣೆ ಹಿಂಜಿ ನೂಲು ತೆಗೆಯುತ್ತಿದ್ದಳು. ಬೈಲಹೊಂಗಲದ ಸಂತೆಗೆ ಒಯ್ದ ಕಂಬಳಿ ಮಾರದೆ ಮನೆಗೆ ವಾಪಸ್ ಬಂದದ್ದನ್ನು ಆ ದಿನಗಳಲ್ಲಿ ಮಾಯವ್ವ ಕಂಡಿದ್ದೇ ಇಲ್ಲ.

ಆಮೇಲೆ ಗಿರಣಿಯ ಬಣ್ಣದ ಚಾದರಗಳು ಬಂದವು. ಮೈಗೆ ಚುಚ್ಚುವುದಿಲ್ಲ, ಒಗೆಯಲು ಹಗುರ. ಕಂಬಳಿ ಕೇಳುವವರೇ ಇಲ್ಲದಾದರು. ಮಾವ ತೀರಿದ ಮೇಲೆ ಗಂಡ ಅಮೋಘಸಿದ್ದಪ್ಪ ಮಗ್ಗದ ಕುಣಿಗೆ ಹಲಗೆ ಮುಚ್ಚಿ, ಅದರ ಮೇಲೆ ಜೋಳದ ಚೀಲ ಒಟ್ಟಿದ. ಕುರಿಗೇನೋ ಬೆಲೆ ಇತ್ತು, ಉಣ್ಣೆಗೆ ಇರಲಿಲ್ಲ. ಕತ್ತರಿಸದೆ ಬಿಟ್ಟರೆ ಕುರಿಗೆ ಹುಳ ಬೀಳುತ್ತದೆಂದು ಕತ್ತರಿಸುವುದು, ಕತ್ತರಿಸಿದ್ದನ್ನು ತಿಪ್ಪೆಗೆ ಚೆಲ್ಲುವುದು. ಊರಿನ ಕುರುಬರೆಲ್ಲ ಹಾಗೇ ಮಾಡುತ್ತಿದ್ದರು. ಮಾಯವ್ವನಿಗೆ ಮಾತ್ರ ಅದು ಒಗ್ಗಲೇ ಇಲ್ಲ.

"ಉಂಡ ಗಂಗಾಳದಾಗಿನ ಅನ್ನ ಚೆಲ್ಲಿದಂಗ ಆಗತೈತ್ರಿ ನನಗ," ಎನ್ನುತ್ತಿದ್ದಳು ಗಂಡನಿಗೆ.

"ಹಂಗಂದ್ರ ಮನ್ಯಾಗ ಇಟಗೊಂಡು ಏನ್ ಮಾಡಾಕಿ?" ಎಂದು ಅವನು ಕೇಳುತ್ತಿದ್ದ.

ಎರಡು ವರ್ಷದ ಹಿಂದೆ, ಉಣ್ಣೆ ಕತ್ತರಿಸುತ್ತಿದ್ದ ಒಂದು ಮುಂಜಾನೆ, ಸ್ನೇಹಲ್ ಎಂಬ ಹೆಣ್ಣುಮಗಳು ಬಂದಳು. ಬೆಳಗಾವಿಯ ಒಂದು ಕೈಕಸುಬಿನ ಸಂಘದಲ್ಲಿ ಕೆಲಸ ಮಾಡುವಾಕೆ. ಜೊತೆಗೆ ಕೆಂಪು ಶಾಲು ಹೊದ್ದ, ದುಂಡು ಮುಖದ ಇನ್ನೊಬ್ಬಳಿದ್ದಳು. ಸಂಘ ಬೆಳಗಾವಿಯಲ್ಲಿ ಏರ್ಪಡಿಸಿದ್ದ ಪ್ರದರ್ಶನಕ್ಕೆ ನೆರೆದೇಶಗಳ ಕುಶಲಕರ್ಮಿಗಳನ್ನು ಕರೆಸಿದ್ದರು. ಅವರಲ್ಲಿ ಇವಳು ಕಾಠ್ಮಂಡುವಿನವಳು, ಹೆಸರು ಫೂಲ್‌ಮಾಯಾ. ಕುರಿ ನೋಡಬೇಕೆಂದು ಹಟ ಹಿಡಿದು ಬಂದಿದ್ದಳು. ಹಿಂಡು ಹೊಡೆದುಕೊಂಡು ಕೊಲ್ಲಾಪುರದವರೆಗೆ ಹೋಗಿ ಬಂದ ಮಾಯವ್ವನಿಗೆ ಮುರುಕು ಹಿಂದಿ ಬರುತ್ತಿತ್ತು. ಫೂಲ್‌ಮಾಯಾಳ ಹಿಂದಿಯೂ ಅಷ್ಟಕ್ಕಷ್ಟೇ. ಹಾಗಾಗಿ ಇಬ್ಬರಿಗೂ ಮಾತಾಡಲು ನಾಚಿಕೆಯಾಗಲಿಲ್ಲ.

ನೂಲದೆ, ನೇಯದೆ, ಉಣ್ಣೆಗೆ ಬಿಸಿನೀರು ಸಾಬೂನು ಹಾಕಿ ತಿಕ್ಕಿ ತಿಕ್ಕಿ ದಪ್ಪ ಹಾಳೆ ಮಾಡಿ, ಅದರಿಂದ ಮನೆಯೊಳಗೆ ಮೆಟ್ಟುವ ಚಪ್ಪಲಿ ಮಾಡುವುದು ಫೂಲ್‌ಮಾಯಾಳ ಗುಂಪಿನ ಕಸುಬು. ಅವರ ಉಣ್ಣೆ ಸಮುದ್ರದಾಚೆಯ ದೂರದ ದೇಶದಿಂದ ಬರುತ್ತಿತ್ತು. ಬೆಣ್ಣೆಯಂಥ ಉಣ್ಣೆ, ಆದರೆ ಚಪ್ಪಲಿಯ ಅಡಿ ಬೇಗ ಸವೆಯುತ್ತಿತ್ತು. ತಿಪ್ಪೆಯ ಮೇಲೆ ಬಿದ್ದ ಕರಿ ಉಣ್ಣೆಯನ್ನು ಕಂಡವಳೇ ಹೋಗಿ ಒಂದು ಹಿಡಿ ತೆಗೆದುಕೊಂಡಳು. ಮೂಸಿದಳು, ಬಿಸಿನೀರು ಕೇಳಿದಳು, ಅಂಗೈಯಲ್ಲಿ ತಿಕ್ಕಿದಳು.

"ಇದನ್ನು ಯಾಕೆ ಚೆಲ್ಲಿದ್ದೀರಿ, ದಿದಿ?"

"ಯಾರಿಗೂ ಬ್ಯಾಡಾಗೈತ್ರಿ, ಅದಕ್ಕ."

"ನನಗೆ ಬೇಕು," ಎಂದಳು ಫೂಲ್‌ಮಾಯಾ.

ಒಂದು ಚೀಲ ಒಯ್ದಳು. ತಿಂಗಳು ಕಳೆದ ಮೇಲೆ ಸ್ನೇಹಲ್‌ಳ ಫೋನ್ ಬಂತು. ಮೆತ್ತನೆಯ ಉಣ್ಣೆಯ ಜೊತೆ ಬೆರೆಸಿದರೆ ಈ ಒರಟು ಉಣ್ಣೆಯ ಅಡಿ ಕಲ್ಲಿನಂತೆ ಗಟ್ಟಿಯಾಗಿ ನಿಲ್ಲುತ್ತದಂತೆ. ತೊಳೆದು, ಹಿಂಜಿ, ಮೂಟೆ ಕಟ್ಟಿ ಕಳಿಸಬೇಕಂತೆ. ಓಣಿಯ ಹೆಂಗಸರೆಲ್ಲ ಸೇರಿ ಮಲಪ್ರಭೆಯಲ್ಲಿ ಉಣ್ಣೆ ತೊಳೆದರು. ಲಾರಿ ಹೊರಟ ದಿನ ಮಾಯವ್ವ ಮನೆಮನೆಗೆ ಹೋಗಿ ಸಕ್ಕರೆ ಕೊಟ್ಟು ಬಂದಳು.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ಮೂಟೆಗಳು ಬಿಹಾರದ ರಕ್ಸೌಲ್‌ನಲ್ಲಿ, ನೇಪಾಳದ ಗಡಿಯ ಈಚೆಗೇ ನಿಂತುಬಿಟ್ಟವು. ಕುರಿಯ ಉಣ್ಣೆ ಗಡಿ ದಾಟಬೇಕಾದರೆ ರೋಗವಿಲ್ಲವೆಂದು ಪಶುವೈದ್ಯರು ಬರೆದುಕೊಡಬೇಕಿತ್ತು. ಅದು ಸ್ನೇಹಲ್‌ಗೂ ತಿಳಿದಿರಲಿಲ್ಲ. ಸಾಲದ್ದಕ್ಕೆ ತಣ್ಣೀರಿನಲ್ಲಿ ತೊಳೆದ ಉಣ್ಣೆಯ ಜಿಡ್ಡು ಹೋಗಿರಲಿಲ್ಲ, ಮಳೆಯ ತಂಪಿಗೆ ನಾರತೊಡಗಿತ್ತು. ಮಾಯವ್ವನಿಗೆ ಊಟ ಸೇರಲಿಲ್ಲ. ಓಣಿಯ ಹೆಂಗಸರಿಗೆ ಹೇಗೆ ಮುಖ ತೋರಿಸುವುದು?

ಫೂಲ್‌ಮಾಯಾ ಬೈದು ಸುಮ್ಮನಾಗಬಹುದಿತ್ತು. ಅವಳು ಬಸ್ಸು ಹತ್ತಿ ಗುಡ್ಡ ಇಳಿದು ಗಡಿಯ ಆಚೆ ಮಗ್ಗುಲಿನ ಊರು ಬೀರ್‌ಗಂಜ್‌ಗೆ ಬಂದಳು. ಅಲ್ಲಿ ಜನ ನಡೆದೇ ಗಡಿ ದಾಟುತ್ತಾರೆ, ಇವಳೂ ದಾಟಿ ರಕ್ಸೌಲ್ ಸೇರಿದಳು. ಒಂದು ಧರ್ಮಶಾಲೆಯವರನ್ನು ಕೇಳಿಕೊಂಡು, ಅವರ ಮಾಳಿಗೆಯ ಮೇಲೆ ಮೂಟೆ ಬಿಚ್ಚಿ ಉಣ್ಣೆ ಹರವಿದಳು. ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿದಳು. ಮಾಯವ್ವನ ಮೊಬೈಲಿನ ತುಂಬ ಬಿಸಿಲಿಗೆ ಹರವಿದ ತಮ್ಮೂರ ಉಣ್ಣೆಯೇ ಕಂಡಿತು.

"ಅಳಬೇಡ, ದಿದಿ. ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ನೀನು ಡಾಕ್ಟರ ಸಹಿ ಕಳಿಸು, ಅಲ್ಲಿಯವರೆಗೆ ನಾನು ಇಲ್ಲೇ ಇರ್ತೇನೆ."

ಇತ್ತ ಅಮೋಘಸಿದ್ದಪ್ಪ ಪಶುವೈದ್ಯರನ್ನು ಬೈಕಿನ ಮೇಲೆ ಕೂರಿಸಿಕೊಂಡು ಹಟ್ಟಿಯಿಂದ ಹಟ್ಟಿಗೆ ಓಡಾಡಿದ. ಉಣ್ಣೆಯ ಗೊಡವೆಯೇ ಬೇಡ ಎನ್ನುತ್ತಿದ್ದ ಮನುಷ್ಯ ಅಷ್ಟು ಓಡಾಡಿದ್ದನ್ನು ಮಾಯವ್ವ ಇಂದಿಗೂ ನೆನೆಯುತ್ತಾಳೆ. ಸಹಿಯಾದ ಕಾಗದ ತಲುಪಿತು, ಮೂಟೆಗಳು ಗಡಿ ದಾಟಿದವು.

ಆ ಚಳಿಗಾಲ ಮಾಯವ್ವ ಸ್ನೇಹಲ್‌ಳ ಜೊತೆ ಕಾಠ್ಮಂಡುವಿಗೆ ಹೋದಳು. ಪಾಸ್‌ಪೋರ್ಟಿನ ಚಿಂತೆಯಲ್ಲಿದ್ದವಳಿಗೆ ವೋಟರ್ ಕಾರ್ಡೇ ಸಾಕೆಂದು ತಿಳಿದು ಅಚ್ಚರಿಯಾಯಿತು. ಅಂಟುವಾಳಕಾಯಿ ಕುದಿಸಿದ ಬೆಚ್ಚನೆಯ ನೀರಿನಲ್ಲಿ ಜಿಡ್ಡು ಬಿಡಿಸುವುದನ್ನು ಫೂಲ್‌ಮಾಯಾ ಪಕ್ಕದಲ್ಲಿ ಕೂತು ಕಲಿಸಿದಳು. ಮಾಯವ್ವ ಒಯ್ದ ಗರಿಗರಿಯಾದ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿಯನ್ನು ಅಲ್ಲಿಯ ಹೆಂಗಸರು ಚಹಾದ ಜೊತೆ ತಿಂದರು. ಒಂದು ಮೂಲೆಯಲ್ಲಿ ಢಾಕಾದ ಅಂಗಡಿಗೆ ಹೋಗಲಿದ್ದ ಚಪ್ಪಲಿಗಳ ರಾಶಿಯಿತ್ತು. ಮಾಯವ್ವ ಒಂದನ್ನು ಮಗುಚಿ, ಅಡಿಯ ಕರಿ ಉಣ್ಣೆಯನ್ನು ಬೆರಳಿನಿಂದ ಸವರಿದಳು.

"ನಮ್ಮ ಕುರಿ ಇಷ್ಟ್ ದೂರ ನಡದಿದ್ದಿಲ್ಲವ್ವಾ," ಎಂದಳು ಸ್ನೇಹಲ್‌ಗೆ. ಕಣ್ಣು ತುಂಬಿ ಬಂದಿತ್ತು. ಬೀಳ್ಕೊಡುವಾಗ ಫೂಲ್‌ಮಾಯಾಳ ಕೈ ಹಿಡಿದು ಹೇಳಬೇಕೆಂದುಕೊಂಡ ಮಾತಿಗೆ ಹಿಂದಿ ಸಾಲಲಿಲ್ಲ. ಕನ್ನಡದಲ್ಲೇ ಹೇಳಿದಳು: "ನೀ ನನ್ನ ಒಡಹುಟ್ಟಿದಾಕಿ, ಯವ್ವಾ." ಫೂಲ್‌ಮಾಯಾ ಅರ್ಥ ಕೇಳಲಿಲ್ಲ, ತನ್ನ ಶಾಲು ತೆಗೆದು ಅವಳಿಗೆ ಹೊದಿಸಿದಳು.

ಈಗ ಊರಿನ ಕುರುಬರು ಉಣ್ಣೆಯನ್ನು ಮಾಯವ್ವನ ಅಂಗಳಕ್ಕೇ ತಂದು ಹಾಕುತ್ತಾರೆ. ಓಣಿಯ ಹೆಂಗಸರಿಗೆ ಮನೆ ಬಾಗಿಲಲ್ಲೇ ಕೆಲಸ. ಮೊನ್ನೆ ಹೂಲಿಯಿಂದ ನಾಲ್ಕಾರು ಮಂದಿ ಕಲಿಯಲು ಬಂದಿದ್ದರು. ಅವರಲ್ಲೊಬ್ಬಳು, "ನಮಗೂ ಹೇಳಿಕೊಡತೀರೇನ್ರೀ, ಅಕ್ಕಾರ?" ಎಂದು ಅಳುಕುತ್ತ ಕೇಳಿದಳು.

"ಹೇಳಿಕೊಡದ ಏನ? ನನಗೂ ಒಬ್ಬಾಕಿ ಹೇಳಿಕೊಟ್ಟಾಳ. ಕುಂಡ್ರಿ, ಮದಲ ಚಾ ಕುಡೀರಿ," ಎಂದು ಮಾಯವ್ವ ಉಣ್ಣೆ ತೊಳೆಯುವ ಹಂಡೆಯ ಒಲೆಗೆ ಕಟ್ಟಿಗೆ ಒಟ್ಟಿದಳು.