ಅವ್ವನ ತೋಳಿನ ಹಕ್ಕಿ

ತೆರಕಣಾಂಬಿಯ ನಮ್ಮ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಅವ್ವನ ಬಲಗೈ ಮುರಿಯಿತು. ಮೂಳೆ ಕೂಡಿತು. ಆದರೆ ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಭುಜ ಬಿಗಿದುಹೋಗಿ, ಕೈ ಎದೆಯ ಮಟ್ಟ ದಾಟುತ್ತಿರಲಿಲ್ಲ. ದಿನಾ ಎತ್ತಿ ಇಳಿಸದಿದ್ದರೆ ಹೀಗೇ ನಿಂತುಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ತನ್ನ ತುರುಬನ್ನು ತಾನೇ ಕಟ್ಟಿಕೊಳ್ಳಲಾಗದ್ದು ಅವ್ವನಿಗೆ ನೋವಿಗಿಂತ ದೊಡ್ಡದಾಗಿತ್ತು. ನಾನು ಕಟ್ಟುವಾಗ ಗೋಡೆ ನೋಡುತ್ತ ಕೂರುತ್ತಿದ್ದಳು. ನಾವಿಬ್ಬರೂ ಮುಟ್ಟಿ ಮಾತಾಡುವವರಲ್ಲ.

ವ್ಯಾಯಾಮವೆಂದರೆ ಮುಖ ತಿರುಗಿಸುತ್ತಿದ್ದವಳಿಗೆ ನಾನೊಂದು ಆಟ ಹುಡುಕಿದೆ. ನನ್ನ ಸ್ಮಾರ್ಟ್‌ವಾಚ್ ಕಟ್ಟಿಕೊಂಡು ಕೈ ಎತ್ತಿದರೆ ಅಪ್ಪನ ಫೋನಿನೊಳಗೆ ಹಕ್ಕಿ ಏರುತ್ತದೆ. ಕೈ ಇಳಿದರೆ ಬೇಲಿಗೆ ಬಡಿದು ಬೀಳುತ್ತದೆ.

“ಬಳೆ ತಗೀಬೇಕಲ್ಲವ್ವ,” ಎಂದೆ.

“ಆಸ್ಪತ್ರೇಲಿ ಒಂದ್ಸಲ ಬರಿಗೈ ಮಾಡುದ್ರಲ್ಲ, ಸಾಕು ಬುಡು. ನಿಮ್ಮಪ್ಪ ಕಲ್ಲುಗುಂಡ್ನಂಗೆ ಇಲ್ಲೇ ಕುಂತವ್ನೆ, ನಾನ್ಯಾಕೆ ಬಳೆ ತಗೀಲಿ?”

ಬಳೆಯ ಮೇಲೆಯೇ ಕಟ್ಟಿದೆ. ಚಾಮರಾಜನಗರಕ್ಕೆ ಕೆಲಸಕ್ಕೆ ಹೋಗುವಾಗ ವಾಚನ್ನು ಮನೆಯಲ್ಲೇ ಬಿಡುತ್ತಿದ್ದೆ. ಸಂಜೆ ಬಂದು ನೋಡಿದರೆ ಅಂಕ ಏರಿರುತ್ತಿತ್ತು. ನನಗೆ ಖುಷಿ. ತುರುಬು ಮಾತ್ರ ಬೆಳಿಗ್ಗೆ ನನಗೇ ಕಾದಿರುತ್ತಿತ್ತು.

ಒಂದು ದಿನ ಬೇಗನೆ ಬಸ್ಸು ಸಿಕ್ಕಿತು. ಒಳಗೆ ಕಾಲಿಟ್ಟರೆ ಅವ್ವನ ಕೈ ಮಡಿಲಲ್ಲೇ ಇದೆ, ಹಕ್ಕಿ ಆಕಾಶದಲ್ಲಿದೆ. ಅವಳು ಬಳೆ ಕುಲುಕಿಸುತ್ತಿದ್ದಳು ಅಷ್ಟೆ. ಆ ಕುಲುಕಾಟವನ್ನೇ ವಾಚು ಕೈ ಎತ್ತಿದಂತೆ ಲೆಕ್ಕ ಹಿಡಿದಿತ್ತು.

“ಕಳ್ಳಿ ಕಣಮ್ಮಿ ನಿಮ್ಮವ್ವ,” ಎಂದು ಅಪ್ಪ ನಕ್ಕ. “ಮೊದ್ಲಿಂದ್ಲೂ ಇದೇ ಆಟ.”

“ಹಕ್ಕಿ ಬಿದ್ರೆ ಇವ್ಳ ಮೊಖ ಸಣ್ಣಗಾಯ್ತದೆ, ಅದ್ಕೆ,” ಎಂದಳು ಅವ್ವ.

ಹಾಗೆ ನನ್ನ ಮುಖವನ್ನು ಅವಳು ಗಮನಿಸುತ್ತಾಳೆಂದು ನನಗೆ ತಿಳಿದಿರಲಿಲ್ಲ.

ಬಳೆಯ ಮಾತು ಮತ್ತೆ ಎತ್ತಲಿಲ್ಲ. ಹಳೆಯ ಸೀರೆಯ ಅಂಚು ಹರಿದು, ವಾಚನ್ನು ಬಳೆಗಳಿಂದ ದೂರ, ಮೊಣಕೈಗಿಂತ ಮೇಲೆ ಬಿಗಿದೆ. ಹಕ್ಕಿ ಮೊದಲ ಬೇಲಿಗೇ ಬಿತ್ತು. ಅವ್ವ ನನ್ನತ್ತ ತಿರುಗಿದಳು. ನಾನು ಎದ್ದು ಅವಳ ಬೆನ್ನ ಹಿಂದೆ ಕೂತೆ.

“ಬೀಳ್ಲಿ ಬುಡವ್ವ. ಇಲ್ಲಿ ನನ್ ಮೊಖ ಕಾಣಲ್ಲ.”

ಆಮೇಲೆ ಬೆಳಗಿನ ಅಭ್ಯಾಸವೇ ಹಾಗಾಯಿತು. ಅಪ್ಪ ಎದುರಿಗೆ ಫೋನು ಹಿಡಿದು ಕೂರುತ್ತಿದ್ದ, ನಾನು ಹಿಂದಿನಿಂದ ತಲೆ ಬಾಚುತ್ತಿದ್ದೆ. ಹಕ್ಕಿ ಬಹಳ ದಿನ ಬಿತ್ತು. ಬೇಲಿ ದಾಟಿದ ದಿನ ಅಪ್ಪನೇ ಹೇಳಬೇಕಿತ್ತು, ನನಗೆ ಕಾಣುತ್ತಿರಲಿಲ್ಲ.

ಚಳಿ ಶುರುವಾಗಿದ್ದ ಒಂದು ಬೆಳಿಗ್ಗೆ ಆ ಕೈ ಏರಿದ್ದು ಇಳಿಯಲಿಲ್ಲ. ಮೆಲ್ಲಗೆ ಕಿವಿಯನ್ನು ದಾಟಿ ಹಿಂದಕ್ಕೆ ಬಂತು. ಬೆರಳುಗಳು ತುರುಬನ್ನು ತಡಕಿ, ನನ್ನ ಬೆರಳಿಗೆ ತಾಗಿದವು.

“ಸಡ್ಲ ಕಟ್ಟಿದ್ದೀಯ ಕಣಮ್ಮಿ,” ಎಂದಳು. “ಬುಡು, ನಾನೇ ಕಟ್ಕತೀನಿ.”

ನಾನು ಸ್ವಲ್ಪ ತಡವಾಗಿ ಬಿಟ್ಟೆ.