ರೂತ್ ಅವರ ಹೊಲದಲ್ಲಿ ಚರಗ

ದೆವ್ವ ಭೂತದ ಕಥೆ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ನನ್ನ ಕೆಲಸವೇ ಸಾಫ್ಟ್‌ವೇರ್ ಟೆಸ್ಟಿಂಗ್. ಎರಡನೇ ಸಲ ಮಾಡಿ ತೋರಿಸಲಾಗದ್ದನ್ನು ನಂಬುವ ಅಭ್ಯಾಸವಿಲ್ಲ. ಈಗ ಹೇಳಹೊರಟಿದ್ದನ್ನು ನಾನೂ ಎರಡನೇ ಸಲ ತೋರಿಸಲಾರೆ. ನೀವು ನಕ್ಕರೆ ಬೇಸರವಿಲ್ಲ.

ಅಮೆರಿಕದ ಮನ್ರೋದಲ್ಲಿ ನಮ್ಮ ಮನೆಯ ಹಿಂದೆ ಒಂದು ಹಳೆಯ ಹೊಲವಿತ್ತು. ಅದರ ಒಡತಿ ರೂತ್, ಎಂಬತ್ತು ದಾಟಿದ ಅಮೆರಿಕನ್ ಹೆಂಗಸು, ಬೇಲಿಯಾಚೆ ನಿಂತು ಅದರ ಚರಿತ್ರೆ ಹೇಳುತ್ತಿದ್ದರು. ಈ ದೇಶ ಹುಟ್ಟುವ ಮೊದಲೇ ಡಚ್ ಕುಟುಂಬವೊಂದು ಕಾಡು ಕಡಿದು ಹೊಲ ಮಾಡಿತ್ತು. ಆಮೇಲೆ ಅದು ಇಂಗ್ಲಿಷರ ಕೈಗೆ ಹೋಯಿತು. ಕೊನೆಗೆ ರೂತ್ ಅವರ ಅಜ್ಜ ಕೊಂಡು ಆಲೂಗಡ್ಡೆ ಬೆಳೆದರು. ಹಳೆಯ ಒಡೆಯರೆಲ್ಲ ಮನೆಯ ಪಕ್ಕದಲ್ಲೇ, ಹೆಸರು ಕೆತ್ತಿದ ಕಲ್ಲುಗಳ ಕೆಳಗಿದ್ದಾರೆ. ಆ ಕಾಲದಲ್ಲಿ ಹೊಲ ಉತ್ತವರು ಮಾತ್ರ ಅವರ ಗುಲಾಮರು. ಅವರನ್ನೂ ಇದೇ ಹೊಲದಲ್ಲಿ ಮಣ್ಣು ಮಾಡಿದ್ದಾರೆಂದು ಅಜ್ಜ ಹೇಳಿದ್ದರಂತೆ. ಎಲ್ಲಿ ಎಂಬುದು ಅಜ್ಜನಿಗೂ ಗೊತ್ತಿರಲಿಲ್ಲ. ಹೊಲ ಆಗಲೇ ಮನೆ ಕಟ್ಟುವವರಿಗೆ ಮಾರಾಟವಾಗಿತ್ತು. ಜಾಗ ತೋರಿಸಿದರೆ ಅದನ್ನು ಬಿಟ್ಟು ಕಟ್ಟುತ್ತಾರೆ, ಇಲ್ಲವಾದರೆ ಆ ಸಮಾಧಿಗಳ ಮೇಲೆ ಯಾರದೋ ಡ್ರೈವ್‌ವೇ ಬೀಳುತ್ತದೆ ಎಂದು ರೂತ್ ಕೊರಗುತ್ತಿದ್ದರು.

ಆ ಸಲ ಸೀಗಿ ಹುಣ್ಣಿಮೆ ಶನಿವಾರ ಬಂತು. ನಮ್ಮ ಗದಗದ ಕಡೆ ಅಂದು ಭೂಮಿತಾಯಿಗೆ ಬಯಕೆಯ ಊಟ. ಮಾಡಿದ ಅಡುಗೆಯನ್ನು ಹೊಲದ ತುಂಬ ಎರಚುತ್ತಾರೆ, ಅದೇ ಚರಗ. ಇನ್ನೆಂದೂ ಉಳುಮೆಯಿಲ್ಲದ ಈ ಹೊಲಕ್ಕೂ ಒಮ್ಮೆ ಉಣಿಸೋಣ ಎನಿಸಿತು. ಐಸೆಲಿನ್‌ನ ಇಂಡಿಯನ್ ಅಂಗಡಿಯಿಂದ ಪುಂಡಿಸೊಪ್ಪು ತಂದು ಪಲ್ಯ, ಸಜ್ಜೆಕಡುಬು ಮಾಡಿ, ಮಗಳನ್ನು ಕರೆದುಕೊಂಡು ಮಟಮಟ ಮಧ್ಯಾಹ್ನ ಹೋದೆ. ರೂತ್ ಪೋರ್ಚಿನಲ್ಲಿ ಕುಳಿತು ನೋಡುತ್ತಿದ್ದರು.

ಚರಗ ಚೆಲ್ಲುವಾಗ ಒಬ್ಬರು ‘ಹುಲ್ಲುಲ್ಲಿಗೋ’ ಎಂದರೆ ಇನ್ನೊಬ್ಬರು ‘ಚಲ್ಲಂಬ್ರಿಗೋ’ ಎನ್ನಬೇಕು. ಮಗಳಿಗೆ ಅದನ್ನು ಕಲಿಸಿರಲಿಲ್ಲ. ಎರಡನ್ನೂ ನಾನೇ ಹೇಳಿದರಾಯಿತು ಎಂದುಕೊಂಡಿದ್ದೆ. ಈಶಾನ್ಯ ಮೂಲೆಯಿಂದ ಶುರು ಮಾಡುವುದು ನಮ್ಮ ಮನೆಯ ರೂಢಿ. ಅಲ್ಲಿದ್ದ ಓಕ್ ಮರದ ಬಳಿ ಮೊದಲ ಹಿಡಿ ಎರಚಿ ಕೂಗಿದೆ. ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಮರದಾಚೆಯಿಂದ ದಣಿದ ಗಂಡಸಿನ ದನಿಯೊಂದು ‘ಚಲ್ಲಂಬ್ರಿಗೋ’ ಎಂದಿತು.

ಮಗಳು ನನ್ನ ಕೈ ಹಿಡಿದಳು. “ಅಮ್ಮಾ, ಹೂ ಸೆಡ್ ದಟ್?”

ಮರದಾಚೆ ಯಾರೂ ಇರಲಿಲ್ಲ. ಕಟಾವಾದ ಬಯಲು, ಮೊಲ ಅಡಗುವುದಕ್ಕೂ ಜಾಗವಿರಲಿಲ್ಲ. ರೂತ್‌ಗೆ ಕೇಳಿದ್ದು ನನ್ನ ಕೂಗಷ್ಟೇ. ಹೆದರಿದ್ದೆ, ಆದರೂ ಅವರಿಗೆ ಎಲ್ಲ ಹೇಳಿದೆ. ಅವರು ನಗಲಿಲ್ಲ. ಮುಂದಿನ ವಾರವೇ ಪುರಾತತ್ವದವರನ್ನು ಅದೇ ಮೂಲೆಗೆ ಕರೆಸಿದರು. ಹುಲ್ಲಿನ ಕೆಳಗೆ ತಲೆಗೊಂದು, ಕಾಲಿಗೊಂದು ಎಂದು ಸಮಾಧಿಗಳಿಗೆ ನೆಟ್ಟ ಕಾಡುಗಲ್ಲುಗಳು ಸಿಕ್ಕವು. ಒಂದರ ಮೇಲೂ ಹೆಸರಿರಲಿಲ್ಲ. ರೂತ್ ಅಲ್ಲೇ ಕುಳಿತು ಅತ್ತುಬಿಟ್ಟರು.

“ಎಕೋ ಆಗಿರ್ತದ ಬಿಡು” ಎಂದ ನನ್ನ ಗಂಡ. ಎಕೋ ಆಗಿದ್ದರೆ ನಾನು ಕೂಗಿದ್ದೇ ಮರಳಬೇಕಿತ್ತು. ನಾನಿನ್ನೂ ಹೇಳದ ಮಾತು, ಅದೂ ನಮ್ಮೂರ ಮಾತು, ಅಲ್ಲಿಂದ ಹೇಗೆ ಬಂತು?

ಈಗ ಸುತ್ತಲೂ ಮನೆಗಳೆದ್ದಿವೆ. ಆ ಮೂಲೆಯನ್ನು ಮಾತ್ರ ಬೇಲಿ ಹಾಕಿ ಬಿಟ್ಟಿದ್ದಾರೆ. ಪ್ರತಿ ಸೀಗಿ ಹುಣ್ಣಿಮೆಗೂ ಹೋಗಿ ಒಂದು ಹಿಡಿ ಎರಚಿ, ಕೂಗಿ, ಸ್ವಲ್ಪ ಹೊತ್ತು ಕಾಯುತ್ತೇನೆ. ಮತ್ತೆ ಉತ್ತರ ಬಂದಿಲ್ಲ. ಆ ಉತ್ತರವನ್ನು ತಾನು ಹೇಳಲೇ ಎಂದು ಮಗಳು ಕೇಳುತ್ತಾಳೆ. ಬೇಡ ಎನ್ನುತ್ತೇನೆ. ಯಾಕೆಂದು ನನಗೂ ಗೊತ್ತಿಲ್ಲ.