ಚೆನ್ನವ್ವನ ಕೋಳಿ, ನನ್ನ ಹೆಸರು

ಚೆನ್ನವ್ವನಂಥ ಬಾಯಿಬಡುಕಿ ಶಹಾಪುರದ ಮಗ್ಗದವರ ಓಣಿಯಲ್ಲಿ ಇನ್ನೊಬ್ಬಳಿರಲಿಲ್ಲ. ಗೋಡೆಗೆ ಗೋಡೆ ಹತ್ತಿ ಏಳು ವರ್ಷ ಅವಳ ಪಕ್ಕ ಬಾಳಿದವಳು ನಾನು, ಹಾಲವ್ವ. ನನ್ನಷ್ಟು ಅವಳನ್ನು ಬಲ್ಲವರು ಯಾರು? ಮಕ್ಕಳಿಲ್ಲ. ಗಂಡ ಯಲಗೂರಪ್ಪ ಪಾವರಲೂಮಿನ ಸದ್ದಿಗೆ ಕಿವುಡಾಗಿದ್ದ, ಪುಣ್ಯವಂತ. ಹಗಲೆಲ್ಲ ಮಗ್ಗದ ನೂಲನ್ನು ಕಂಡಿಕೆಗೆ ಸುತ್ತುತ್ತ ಅವಳು ಮಾತಾಡುತ್ತಿದ್ದುದು ತನ್ನ ಕೆಂಪು ಕೋಳಿಯ ಜೊತೆ. ಅದು ಮಲಗಲು ಬುಟ್ಟಿಯಲ್ಲಿ ಮಗ್ಗದ ಶೆಡ್ಡಿನಿಂದ ತಂದ ಹರಕು ನೂಲಿನ ಮೆತ್ತೆ ಬೇರೆ. ನನ್ನ ಕೂಸಿಗೂ ಅಂಥ ಹಾಸಿಗೆ ಇರಲಿಲ್ಲ.

ಅರವತ್ಮೂರನೇ ಇಸವಿಯ ಬೇಸಿಗೆಯಲ್ಲಿ ಆ ಕೋಳಿ ನಾನು ಒಣಹಾಕಿದ್ದ ಶಾವಿಗೆಯನ್ನೆಲ್ಲ ಕೆದರಿ ಹಾಳುಮಾಡಿತು. ಸಿಟ್ಟು ನೆತ್ತಿಗೇರಿ, "ನಿನ್ನ ಕೋಳಿ ಬಾಯಾಗ ಮಣ್ಣ ಬೀಳ್ಳಿ!" ಎಂದು ಓಣಿಗೆಲ್ಲ ಕೇಳುವಂತೆ ಬೈದೆ. ನಾಲ್ಕನೇ ದಿನಕ್ಕೆ ಕೋಳಿ ಕಾಳು ತಿನ್ನುವುದನ್ನು ಬಿಟ್ಟಿತು. ಕುತ್ತಿಗೆಯ ಬುಡದ ಕಾಳಿನ ಚೀಲ ಲಿಂಬೆಹಣ್ಣಿನಷ್ಟು ಉಬ್ಬಿ ಗಟ್ಟಿಯಾಯಿತು. ಬಾಯಿಂದ ಹುಳಿ ನೀರು ಸೋರತೊಡಗಿತು.

ಚೆನ್ನವ್ವ ಮೂರು ದಿನ ಕೆಲಸ ಬಿಟ್ಟಳು. ಔಡಲೆಣ್ಣೆ ಕುಡಿಸಿದಳು, ಮಜ್ಜಿಗೆ ಹನಿಸಿದಳು, ಕೋಳಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಳು. "ಸಾಯೂ ಮೊದ್ಲ ಕೊಯ್ಯವಾ, ಸಾರಾದ್ರೂ ಆಕ್ಕೇತಿ" ಎಂದ ಎದುರು ಮನೆಯ ಯಮುನವ್ವನ ಮೇಲೆ ಕಟ್ಟಿಗೆ ಎತ್ತಿದಳು. ಆಮೇಲೆ ನನ್ನ ಬಾಗಿಲಿಗೆ ಬಂದಳು.

"ವಿಷಾ ಹಾಕೀದಿ! ದೇವರ ಭಂಡಾರದ ಅರಿಷಿಣ ಮುಟ್ಟಿ ಆಣಿ ಮಾಡ. ಇಲ್ಲಂದ್ರ ನಾಳೆ ನಿನ್ನ ಓಣಿ ಬಿಡಸ್ತೇನಿ!"

ಸುತ್ತ ಹೆಂಗಸರು ನೆರೆದಿದ್ದರು. ಒಬ್ಬಳಾದರೂ "ಹಾಲವ್ವ ಅಂಥಾಕಿ ಅಲ್ಲ" ಎನ್ನಲಿಲ್ಲ. ಆಣೆ ಮಾಡಿದರೂ ನಂಬುವ ಮುಖ ಅಲ್ಲಿ ಒಂದೂ ಇರಲಿಲ್ಲ.

"ಆಣಿ ಯಾಕ? ಚೀಲಾ ಕೊಯ್ದು ಒಳಗ ಏನೈತಿ ತೋರಸ್ತೇನಿ. ಹಿಡಿ ಕೋಳಿ!" ಎಂದೆ.

ಗಡಹಿಂಗ್ಲಜದ ಕಡೆಯ ನನ್ನ ತವರಿನಲ್ಲಿ ಅವ್ವ ಹೀಗೆ ಚೀಲ ಕೊಯ್ದು ಕೋಳಿ ಉಳಿಸುವುದನ್ನು ಎರಡು ಸಲ ಕಂಡಿದ್ದೆ. ಗರಿ ಕಿತ್ತು, ಕಾಸಿದ ಬ್ಲೇಡಿನಿಂದ ಒಂದಿಷ್ಟು ಸೀಳಿದೆ. ಚೆನ್ನವ್ವ ಕೋಳಿಯ ಕಾಲು ಹಿಡಿದುಕೊಂಡಳು. ಬೆರಳು ಹಾಕಿ ಎಳೆದರೆ ನೂಲು ಬಂತು. ಎಳೆದಷ್ಟೂ ಬಂತು, ಮುದ್ದೆ ಮುದ್ದೆ. ಮಗ್ಗಕ್ಕೇರಿಸುವ ಮೊದಲು ನೂಲಿಗೆ ಗಂಜಿ ಹಾಕುತ್ತಾರಲ್ಲ, ಆ ಗಂಜಿಯ ರುಚಿಗೆ ಕೋಳಿ ತನ್ನ ಬುಟ್ಟಿಯ ಮೆತ್ತೆಯನ್ನೇ ತಿಂದಿತ್ತು.

"ಯಾರ ಹಾಕಿದ ವಿಷಾ ಇದು? ಕಣ್ಣ ತಗದ ನೋಡ!" ಎಂದೆ.

ಅವಳು ಕೋಳಿಯ ಮುಖವನ್ನು ಸೆರಗಿನಿಂದ ಮುಚ್ಚಿದಳು. ಉಪ್ಪುನೀರಿನಿಂದ ತೊಳೆದು, ಒಳಗೊಂದು ಹೊರಗೊಂದು ಹೊಲಿಗೆ ಹಾಕಿದೆ. ಒಂಬತ್ತು ದಿನ ಅವಳು ಕೋಳಿಗೆ ಮೆತ್ತಗೆ ಅನ್ನ ಕಲಸಿ ತಿನ್ನಿಸಿದಳು. ಹತ್ತನೇ ದಿನ ಅದು ಮತ್ತೆ ಅಂಗಳ ಕೆದರಿತು.

ತಪ್ಪಾಯಿತು ಎಂಬ ಒಂದು ಮಾತಿಗೆ ನಾನು ಕಾದೆ. ಚೆನ್ನವ್ವ ನಳದ ಹತ್ತಿರ ಎಲ್ಲರಿಗೂ ಹೇಳಿದ್ದು ಬೇರೆ: "ಕೊಯ್ದು ಹೊಲ್ಯಾಕ ಬರೂವಾಕಿಗೆ ಅನ್ನದಾಗ ಮದ್ದ ಹಾಕಾಕ ಬರೂದಿಲ್ಲೇನ?"

ಅಂದಿನಿಂದ ಓಣಿಯ ಯಾವ ತಾಯಿಯೂ ತನ್ನ ಮಗುವಿಗೆ ನನ್ನ ಕೈಯ ತುತ್ತು ತಿನ್ನಗೊಡಲಿಲ್ಲ. ಕೋಳಿಯ ಕಾಳಿನ ಚೀಲ ಕಟ್ಟಿಕೊಂಡರೆ ಮಾತ್ರ ಎಲ್ಲರಿಗೂ ನಾನೇ ಬೇಕು. ದೀಪಾವಳಿಯ ಮುಂದೆ ಯಮುನವ್ವ ತನ್ನ ಕೋಳಿ ತಂದಳು. ಕೊಯ್ದು, ತೊಳೆದು, ಹೊಲಿದು ಕೊಟ್ಟೆ. ಎರಡು ಕಪ್ಪು ಚಹಾ ಮಾಡಿ ಒಂದನ್ನು ಅವಳ ಮುಂದಿಟ್ಟೆ.

"ಬ್ಯಾಡವಾ, ಈಗಷ್ಟ ಕುಡದ ಬಂದೇನಿ" ಎಂದಳು.

ಎರಡೂ ಕಪ್ಪು ಅವಳೆದುರೇ ನಾನೇ ಕುಡಿದೆ.